ಸಬ್‌ಟೈಟಲ್‌ನಲ್ಲಿ ಸಿಗದ ಕೇರಳ

ಕಾಸರಗೋಡಿನಲ್ಲಿ ನಡೆಯುವ ಒಂದು ಮಲಯಾಳ ಸಿನಿಮಾ ನೋಡೋಕೆ ಕೂತಿದ್ದೆವು, ನಾನು ಮತ್ತು ನನ್ನ ಆಫೀಸಿನ ಗೆಳೆಯ. ಅವನ ಊರು ಕೊಟ್ಟಾಯಂ. ಹತ್ತು ನಿಮಿಷ ಆಗಿರಬೇಕು, ಅವನೇ ರಿಮೋಟ್ ತಗೊಂಡು ಸಬ್‌ಟೈಟಲ್ ಹಾಕಿದ. ಪಾಪ, ನನಗೋಸ್ಕರ ಅಂದುಕೊಂಡೆ. "ನಿನಗಲ್ಲ ಗುರು, ನನಗೆ" ಅಂದ. ಅವನ ಭಾಷೆಯ ಸಿನಿಮಾ, ಅವನಿಗೇ ಪೂರ್ತಿ ಅರ್ಥ ಆಗ್ತಿರಲಿಲ್ಲ. ನನ್ನ ಅಜ್ಜಿಮನೆ ಪುತ್ತೂರಿನ ಕಡೆ, ಗಡಿ ದಾಟಿದರೆ ಕಾಸರಗೋಡು. ಹಾಗಾಗಿ ಅವತ್ತು ಎರಡು ಮಾತು ಅವನಿಗಿಂತ ಮೊದಲು ನನಗೇ ಹೊಳೆದವು, ಆ ಜಂಬ ಇನ್ನೂ ಇಳಿದಿಲ್ಲ.

2020ರ ಲಾಕ್‌ಡೌನ್‌ನಿಂದ ಈಚೆಗೆ ಮಲಯಾಳ ಸಿನಿಮಾ ನೋಡದ ಕನ್ನಡಿಗರ ಮನೆ ಕಡಿಮೆ. 2024ರಲ್ಲಿ 'ಮಂಜುಮ್ಮೆಲ್ ಬಾಯ್ಸ್', 'ಪ್ರೇಮಲು', 'ಆವೇಶಂ' ಒಂದರ ಹಿಂದೆ ಒಂದು ಬಂದು ಬೆಂಗಳೂರಿನ ಥಿಯೇಟರ್‌ಗಳನ್ನೂ ತುಂಬಿಸಿದವು. ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ಅವರು ಎಷ್ಟು ಸಹಜವಾಗಿ ಸಿನಿಮಾ ಮಾಡ್ತಾರೆ ಅಲ್ವಾ? ಆದರೆ ಸಹಜ ಅಂತ ನಮಗೆ ಕಾಣುವುದರಲ್ಲಿ ಅರ್ಧ ನಮಗೆ ಗೊತ್ತೇ ಆಗಿರುವುದಿಲ್ಲ. ಪಾತ್ರಗಳು ಏನು ಹೇಳಿದವು ಅನ್ನೋದನ್ನು ಸಬ್‌ಟೈಟಲ್ ಹೇಳುತ್ತದೆ. ಅದು ಯಾವ ಊರಿನ ಮಾತು, ಆ ಮನೆ ಎಂಥ ಮನೆ, ಆ ಅಂಗಳದಲ್ಲಿ ನಿಂತ ಸೋದರಮಾವನಿಗೆ ಯಾಕೆ ಅಷ್ಟು ಗತ್ತು, ಇದನ್ನೆಲ್ಲ ಹೇಳೋಕೆ ಪರದೆಯ ಕೆಳಗೆ ಜಾಗ ಇಲ್ಲ. ಅದನ್ನು ಒಂದಿಷ್ಟು ಬಿಡಿಸಿ ಹೇಳುವ ಪ್ರಯತ್ನ ಇದು.

ಮೊದಲು ಕೇರಳ ಅನ್ನೋದು ಎಷ್ಟು ಕೇರಳ?

1956ರ ನವೆಂಬರ್ 1 ನಮಗೆ ರಾಜ್ಯೋತ್ಸವ. ಕೇರಳ ಹುಟ್ಟಿದ್ದೂ ಅದೇ ದಿನ. ನಮ್ಮಲ್ಲಿ ಹಳೇ ಮೈಸೂರು, ಮುಂಬೈ ಕರ್ನಾಟಕ, ಹೈದರಾಬಾದ್ ಕರ್ನಾಟಕ, ಕರಾವಳಿ, ಕೊಡಗು ಒಂದಾದ ಹಾಗೆ ಅಲ್ಲೂ ಮೂರು ತುಂಡು ಸೇರಿದವು. ದಕ್ಷಿಣದ ತಿರುವಾಂಕೂರು ಮಹಾರಾಜರದ್ದು. ನಡುವಿನ ಕೊಚ್ಚಿಗೆ ಬೇರೆ ಮಹಾರಾಜರು. ಉತ್ತರದ ಮಲಬಾರ್ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಜೊತೆಗೆ ದಕ್ಷಿಣ ಕನ್ನಡದಿಂದ ಕಾಸರಗೋಡು ಆ ಕಡೆ ಹೋಯಿತು, ಆ ನೋವು ಅಲ್ಲಿನ ಕನ್ನಡಿಗರಿಗೆ ಇವತ್ತಿಗೂ ಇದೆ.

ಮೂರು ಆಡಳಿತ, ಮೂರು ಬಗೆಯ ಬದುಕು, ಮಾತಿನ ಧಾಟಿಯಂತೂ ಜಿಲ್ಲೆಗೊಂದು. 'ಏನು' ಅನ್ನೋ ಒಂದೇ ಪದ ತಗೊಳ್ಳಿ. ಪುಸ್ತಕದ ಮಲಯಾಳದಲ್ಲಿ 'ಎಂತ್'. ತಿರುವನಂತಪುರದ ಕಡೆ 'ಎಂತರ್'. ತ್ರಿಶೂರಿಗೆ ಬಂದರೆ 'ಎಂತೂಟ್ಟಾ'. ಮಂಗಳೂರಿನ ಕನ್ನಡದಲ್ಲಿ ನಾವು 'ಎಂತ' ಅನ್ನುತ್ತೇವಲ್ಲ, ಈ ಸಾಲಿನಲ್ಲಿ ಅದನ್ನೂ ಕೂರಿಸಬಹುದು. ಕನ್ನಡ ಸಿನಿಮಾದಲ್ಲಿ ಒಬ್ಬ ಬಾಯಿ ಬಿಟ್ಟ ಕೂಡಲೇ ಅವನು ಮಂಡ್ಯದವನೋ ಧಾರವಾಡದವನೋ ಕುಂದಾಪುರದವನೋ ನಮಗೆ ಗೊತ್ತಾಗುತ್ತದೆ. ಮಲಯಾಳಿ ಪ್ರೇಕ್ಷಕರಿಗೂ ಹಾಗೇ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಮಾತ್ರ ಎಲ್ಲರೂ ಒಂದೇ ಊರಿನವರ ಹಾಗೆ ಮಾತಾಡುತ್ತಾರೆ.

ಇಲ್ಲಿ ಒಂದು ವಿಷಯ ಗಮನಿಸಿ. ಮೊದಲಿಂದಲೂ ಹೀಗೇ ಇರಲಿಲ್ಲ. ತುಂಬಾ ವರ್ಷ ಸಿನಿಮಾದ 'ಒಳ್ಳೆಯ' ಮಲಯಾಳ ಅಂದರೆ ಒಟ್ಟಪ್ಪಾಲಂ ಸುತ್ತಮುತ್ತಲಿನ ವಳ್ಳುವನಾಡಿನ ಮಾತು. ದೊಡ್ಡ ಮನೆಗಳಿರುವ, ಭಾರತಪ್ಪುಳ ಹೊಳೆ ಹರಿಯುವ ಪ್ರದೇಶ ಅದು. ಉಳಿದ ಊರುಗಳ ಮಾತು ನಗಿಸೋಕೆ ಮಾತ್ರ, ಕೆಲಸದವನ ಪಾತ್ರಕ್ಕೆ ಮಾತ್ರ. 2005ರ 'ರಾಜಮಾಣಿಕ್ಯಂ'ನಲ್ಲಿ ಮಮ್ಮೂಟ್ಟಿಯಂಥ ದೊಡ್ಡ ನಟ ಇಡೀ ಸಿನಿಮಾ ತಿರುವನಂತಪುರದ ಒರಟು ಧಾಟಿಯಲ್ಲಿ ಮಾತಾಡಿದರು, 2010ರ 'ಪ್ರಾಂಚಿಯೇಟ್ಟನ್'ನಲ್ಲಿ ತ್ರಿಶೂರಿನ ಧಾಟಿ. ಆಮೇಲೆ ಬಾಗಿಲು ತೆರೆಯಿತು. ಈಗ ಸಿನಿಮಾ ಬರೆಯುವವರು ಮೊದಲು ಊರನ್ನು ಹಿಡಿಯುತ್ತಾರೆ, ಕಥೆ ಆಮೇಲೆ ಅನ್ನಿಸುವಷ್ಟು. 2022ರ 'ನ್ನಾ ತಾನ್ ಕೇಸ್ ಕೊಡ್' ಅನ್ನುವ ಕಾಸರಗೋಡಿನ ಸಿನಿಮಾದಲ್ಲಿ ನ್ಯಾಯಾಧೀಶರಾಗಿ ಎಲ್ಲರ ಮನಸ್ಸು ಗೆದ್ದ ಪಿ.ಪಿ. ಕುಂಞಿಕೃಷ್ಣನ್ ಅದೇ ಜಿಲ್ಲೆಯ ನಿವೃತ್ತ ಮೇಷ್ಟ್ರು. ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು.

ದೊಡ್ಡ ಮನೆ ಮತ್ತು ಸೋದರಮಾವ

ಮಲಯಾಳ ಸಿನಿಮಾ ನಾಲ್ಕು ನೋಡಿದವರಿಗೆ 'ತರವಾಡು' ಅನ್ನೋ ಪದ ಕಿವಿಗೆ ಬಿದ್ದಿರುತ್ತದೆ. ಸಬ್‌ಟೈಟಲ್‌ನಲ್ಲಿ 'ಪೂರ್ವಜರ ಮನೆ' ಅಂತ ಬರುತ್ತದೆ, ಅಷ್ಟಕ್ಕೆ ಮುಗೀತು. ಅಸಲಿಗೆ ಅದು ಕಟ್ಟಡದ ಹೆಸರು ಮಾತ್ರ ಅಲ್ಲ, ಒಂದು ಪದ್ಧತಿಯ ಹೆಸರು.

ತುಳುನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಳಿಯಸಂತಾನ ಅಥವಾ ಅಳಿಯಕಟ್ಟು ಅಂದರೆ ಆಸ್ತಿ, ಮನೆ, ವಂಶ ಎಲ್ಲ ಹೆಣ್ಣಿನ ಕಡೆಯಿಂದ ಹರಿಯುವುದು. ಗಂಡಸಿನ ನಂತರ ಯಜಮಾನಿಕೆ ಅವನ ಮಗನಿಗೆ ಬರುವುದಿಲ್ಲ, ಅಕ್ಕತಂಗಿಯ ಮಗನಿಗೆ ಬರುತ್ತದೆ. ಕೇರಳದ ನಾಯರ್‌ಗಳಲ್ಲಿ, ಇನ್ನೂ ಕೆಲವು ಸಮುದಾಯಗಳಲ್ಲಿ ಇದ್ದದ್ದೂ ಇದೇ. ಅಲ್ಲಿ ಅದರ ಹೆಸರು ಮರುಮಕ್ಕತ್ತಾಯಂ. 'ಮರುಮಕ್ಕಳ್' ಅಂದರೆ ಸೋದರಳಿಯ, ಸೋದರಸೊಸೆಯರು. 'ತಾಯಂ' ಅಂದರೆ ದಾಯ, ನಮ್ಮ 'ದಾಯಾದಿ'ಯಲ್ಲಿ ಇದೆಯಲ್ಲ, ಅದೇ. ಮನೆಯ ಹಿರಿಯ ಗಂಡಸು ಕಾರಣವರ್. ಅವನು ಅಪ್ಪ ಅಲ್ಲ, ಮಾವ. ಮನೆ ಹೆಂಗಸರದ್ದು, ಕೀಲಿಕೈ ಗಂಡಸಿನದ್ದು. ಈ ಎಳೆದಾಟ ಅರ್ಥವಾದರೆ ಅರ್ಧ ಮಲಯಾಳ ಸಿನಿಮಾ ಅರ್ಥವಾದ ಹಾಗೆ.

ತಿರುವಾಂಕೂರಿನಲ್ಲಿ 1925ರ ಕಾನೂನು ಬಂದ ಮೇಲೆ ತರವಾಡುಗಳು ಪಾಲಾಗತೊಡಗಿದವು. 1975ರ ಕಾಯಿದೆ ಕೂಡುಕುಟುಂಬದ ಪದ್ಧತಿಯನ್ನೇ ತೆಗೆದುಹಾಕಿತು. ನಡುವೆ ಭೂಸುಧಾರಣೆ ಬಂದು ಗೇಣಿ ನಿಂತಿತು. ಗೇಣಿ ಅಕ್ಕಿಯ ಮೇಲೆ ಕೂತು ತಿಂದು ಅಭ್ಯಾಸವಾದ ಗಂಡಸಿಗೆ ಕೆಲಸ ಗೊತ್ತಿಲ್ಲ, ಅಧಿಕಾರ ಬಿಡೋಕೆ ಮನಸ್ಸಿಲ್ಲ. ಅಡೂರ್ ಗೋಪಾಲಕೃಷ್ಣನ್ ಅವರ 1981ರ 'ಎಲಿಪ್ಪತ್ತಾಯಂ' ಇಂಥ ಒಬ್ಬನ ಕಥೆ. ಹೆಸರಿನ ಅರ್ಥ ಇಲಿಬೋನು. ಮೂವರು ಸಹೋದರಿಯರಿರುವ ಮನೆ, ಅಂಗಳಕ್ಕೆ ಹಸು ಬಂದರೂ ತಾನೇ ಎದ್ದು ಓಡಿಸದ ಅಣ್ಣ. ಮದುವೆಯಾಗಿ ಹೋದ ಅಕ್ಕ ಪಾಲು ಕೇಳೋಕೆ ಬರುತ್ತಾಳೆ. ಅವಳನ್ನು ಆಸೆಬುರುಕಿ ಅಂತ ನೋಡಿದರೆ ತಪ್ಪಾಗುತ್ತದೆ. ಆ ಪದ್ಧತಿಯಲ್ಲಿ ಮನೆ ಅವಳದ್ದೇ. ಈ ಸಿನಿಮಾಗೆ 1982ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಸದರ್‌ಲ್ಯಾಂಡ್ ಟ್ರೋಫಿ ಸಿಕ್ಕಿತು.

ಸರಿ, ಇದು ಅವಾರ್ಡ್ ಸಿನಿಮಾ ಆಯಿತು. ನಮಗೆಲ್ಲ ಗೊತ್ತಿರುವ ಉದಾಹರಣೆ ಬೇಕಾ? ನಾಗವಲ್ಲಿ.

1993ರ 'ಮಣಿಚಿತ್ರತ್ತಾಳ್' 2004ರಲ್ಲಿ ಕನ್ನಡಕ್ಕೆ 'ಆಪ್ತಮಿತ್ರ' ಆಗಿ ಬಂತು. ಮಲಯಾಳದಲ್ಲಿ ಗಂಡ ಹೆಂಡತಿ ಬಂದು ಉಳಿಯುವುದು ಗಂಡನ ಕುಟುಂಬದ ಹಳೆಯ ತರವಾಡಿನಲ್ಲಿ. ಬೇಡ ಅಂತ ತಡೆಯುವವರು ಆ ಮನೆಯ ಹಿರಿಯರು, ಮಾವಂದಿರು. ಮುಚ್ಚಿದ ಕೋಣೆಯೊಳಗೆ ಇರುವುದು ಅವರದೇ ಒಬ್ಬ ಹಿಂದಿನ ಕಾರಣವರ್ ಮಾಡಿದ ಪಾಪ. ಕನ್ನಡದಲ್ಲಿ ಅದು ಮೈಸೂರಿನಲ್ಲಿ ಕೊಂಡುಕೊಂಡ ಅರಮನೆಯಂಥ ಬಂಗಲೆ. ಕಥೆ ಅದೇ, ಹೆದರಿಕೆಯೂ ಅಷ್ಟೇ, ಆದರೆ ಮನೆತನದ ಪಾಪ ಅನ್ನೋ ಭಾರ ಹೋಯಿತು. ಹಳೇ ಮೈಸೂರಿನಲ್ಲಿ ತರವಾಡು ಇಲ್ಲವಲ್ಲ, ಇನ್ನೇನು ಮಾಡಬೇಕಿತ್ತು? ಇನ್ನೊಂದು ತಮಾಷೆ ನೋಡಿ. ಮಲಯಾಳದ ನಾಗವಲ್ಲಿ ತಂಜಾವೂರಿನ ತಮಿಳು ನರ್ತಕಿ, ಕನ್ನಡದಲ್ಲಿ ಅವಳು 'ರಾ ರಾ' ಅಂತ ತೆಲುಗಿನಲ್ಲಿ ಹಾಡುತ್ತಾಳೆ. ದೆವ್ವ ಯಾವಾಗಲೂ ಪಕ್ಕದ ರಾಜ್ಯದ್ದು.

ಅದೇ ದೊಡ್ಡ ಮನೆಯನ್ನು 1990ರ ದಶಕದಲ್ಲಿ ಪೂಜಿಸಿದ್ದೂ ಇದೆ. 'ದೇವಾಸುರಂ' ಥರದ ಸಿನಿಮಾಗಳಲ್ಲಿ ಮೀಸೆ ತಿರುವುವ, ಬಿಳಿ ಮುಂಡು ಮಡಚಿ ಕಟ್ಟುವ ಮೇಲ್ಜಾತಿಯ ಯಜಮಾನನೇ ಹೀರೋ. ಅದನ್ನು ಚಿತ್ರೀಕರಿಸಿದ ಒಟ್ಟಪ್ಪಾಲಂ ಹತ್ತಿರದ ವರಿಕ್ಕಾಶ್ಶೇರಿ ಮನ ಅನ್ನುವ ಹಳೆಯ ದೊಡ್ಡ ಮನೆ ಇವತ್ತು ಪ್ರವಾಸಿ ತಾಣ. ಹಾಗಾಗಿ ಮಲಯಾಳ ಸಿನಿಮಾ ಅಂದರೆ ಎಲ್ಲವೂ ವಾಸ್ತವ, ಎಲ್ಲವೂ ಪ್ರಗತಿಪರ ಅಂತ ಸುಮ್ನೆ ಹೊಗಳುವುದು ಬೇಡ. ಅವರಲ್ಲೂ ಗತ್ತಿನ ಸಿನಿಮಾಗಳಿಗೆ ಶಿಳ್ಳೆ ಬಿದ್ದಿದೆ, ಈಗಲೂ ಬೀಳುತ್ತದೆ.

ಮೊದಲ ಸಿನಿಮಾಗೇ ಕಲ್ಲು

ಜಾತಿಯ ಮಾತು ಬಂತಲ್ಲ, ಶುರುವಿಗೇ ಹೋಗೋಣ. ಮಲಯಾಳದ ಮೊದಲ ಸಿನಿಮಾ 'ವಿಗತಕುಮಾರನ್', ಮೂಕಿ ಚಿತ್ರ. 1930ರ ಹೊತ್ತಿಗೆ ತಿರುವನಂತಪುರದಲ್ಲಿ ತೆರೆ ಕಂಡಿತು. ಮಾಡಿದವರು ಜೆ.ಸಿ. ಡೇನಿಯಲ್, ಇದಕ್ಕಾಗಿ ಜಮೀನು ಮಾರಿದವರು. ನಾಯರ್ ಹೆಣ್ಣಿನ ಪಾತ್ರ ಮಾಡಿದ್ದು ಪಿ.ಕೆ. ರೋಸಿ ಎಂಬ ದಲಿತ ಹೆಣ್ಣುಮಗಳು. ಅಷ್ಟು ಸಾಕಾಯಿತು. ಮೇಲ್ಜಾತಿಯವರು ಪರದೆಗೆ ಕಲ್ಲು ಹೊಡೆದರು, ಆಮೇಲೆ ರೋಸಿಯ ಗುಡಿಸಲಿಗೆ ಬೆಂಕಿ ಬಿತ್ತು. ರೋಸಿ ಊರು ಬಿಟ್ಟು ತಮಿಳುನಾಡಿಗೆ ಹೋದರು, ಮತ್ತೆ ಯಾವತ್ತೂ ಸಿನಿಮಾ ಮಾಡಲಿಲ್ಲ. ಡೇನಿಯಲ್ ಕೂಡ ಎರಡನೇ ಕಥಾಚಿತ್ರ ಮಾಡಲಿಲ್ಲ. ಆ ಸಿನಿಮಾದ ಪ್ರಿಂಟ್ ಈಗ ಇಲ್ಲ. ಇವತ್ತು ಮಲಯಾಳ ಸಿನಿಮಾದ ಅತಿ ದೊಡ್ಡ ರಾಜ್ಯ ಗೌರವ ಡೇನಿಯಲ್ ಅವರ ಹೆಸರಿನಲ್ಲೇ ಇದೆ. ರೋಸಿ ಹೆಸರು ಜನರಿಗೆ ಗೊತ್ತಾಗೋಕೆ ಇನ್ನೂ ಎಷ್ಟೋ ದಶಕ ಬೇಕಾಯಿತು, 2023ರಲ್ಲಿ ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ನಾನೂ ಹುಡುಕಿ ಓದಿದ್ದು.

1954ರ 'ನೀಲಕ್ಕುಯಿಲ್' ಇದಕ್ಕೆ ಕಾಲು ಶತಮಾನದ ನಂತರ ಬಂದ ಉತ್ತರದ ಹಾಗಿದೆ. ದಲಿತ ಹುಡುಗಿ, ಅವಳನ್ನು ಕೈಬಿಡುವ ನಾಯರ್ ಮೇಷ್ಟ್ರು, ಅನಾಥ ಮಗುವನ್ನು ಸಾಕುವ ಪೋಸ್ಟ್‌ಮ್ಯಾನ್. ಕೇರಳದ ಮಣ್ಣಿನ ಕಥೆಯನ್ನು ಇಟ್ಟುಕೊಂಡು ರಾಷ್ಟ್ರಮಟ್ಟದಲ್ಲಿ ಗೆದ್ದ ಮೊದಲ ಮಲಯಾಳ ಸಿನಿಮಾ ಇದು. ಅದಕ್ಕೂ ಮುಂಚೆ ಹಾಡುಗಳು ಅಂದರೆ ಹಿಂದಿ, ತಮಿಳು ರಾಗಗಳಿಗೆ ಪದ ಕೂರಿಸುವುದು. ಇಲ್ಲಿ ಸಂಗೀತ ನಿರ್ದೇಶಕ ಕೆ. ರಾಘವನ್ ಮಲಬಾರಿನ ಮುಸ್ಲಿಮರ ಮಾಪ್ಪಿಳಪಾಟ್ಟಿನ ಧಾಟಿ ತಂದು ತಾವೇ ಹಾಡಿದರು. ಜನ ತಮ್ಮ ಮನೆಯ ಹಾಡನ್ನು ಪರದೆಯಲ್ಲಿ ಕೇಳಿದರು.

ಓದುವವರ ಊರಿನಲ್ಲಿ ಸಿನಿಮಾ

ಕೇರಳದವರ ಕಥೆಗಳು ಯಾಕೆ ಗಟ್ಟಿ ಅಂತ ಕೇಳಿದರೆ ಎಲ್ಲರೂ ಸಾಕ್ಷರತೆ ಅನ್ನುತ್ತಾರೆ. ನಿಜ, 1991ರಲ್ಲಿ ಅದು ಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆ ಆಯಿತು. ಆದರೆ ಅಕ್ಷರ ಬಂದ ಮಾತ್ರಕ್ಕೆ ಸಿನಿಮಾ ಬರುವುದಿಲ್ಲ. ಸಾಕ್ಷರತೆಯಿಂದ ಥಿಯೇಟರ್‌ಗೆ ಹೋಗುವ ದಾರಿಯಲ್ಲಿ ಇನ್ನೂ ಕೆಲವು ನಿಲ್ದಾಣಗಳಿವೆ.

ಮೊದಲನೆಯದು ಊರಿನ ವಾಚನಾಲಯ. 1945ರಲ್ಲಿ ಪಿ.ಎನ್. ಪಣಿಕ್ಕರ್ 47 ಸಣ್ಣ ಗ್ರಂಥಾಲಯಗಳನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಅದು ಬೆಳೆದು ಹಳ್ಳಿಹಳ್ಳಿಗೂ ಹೋಯಿತು. ಅವರು ತೀರಿಕೊಂಡ ಜೂನ್ 19 ಅಲ್ಲಿ ಓದುವ ದಿನ. ನಮ್ಮ ಹಳ್ಳಿಗಳಲ್ಲಿ ಅರಳಿಕಟ್ಟೆ ಮಾಡುವ ಕೆಲಸವನ್ನು ಅಲ್ಲಿ ಎಷ್ಟೋ ಕಡೆ ಈ ಕೋಣೆಗಳು ಮಾಡಿದವು: ಪೇಪರ್, ಬೀಡಿ, ರಾಜಕೀಯ, ಕಾದಂಬರಿ ಎಲ್ಲ ಒಂದೇ ಬೆಂಚಿನ ಮೇಲೆ. ಹಾಗಾಗಿ ತಗಳಿ ಶಿವಶಂಕರ ಪಿಳ್ಳೆ ಅವರ ಕಾದಂಬರಿ 1965ರಲ್ಲಿ 'ಚೆಮ್ಮೀನ್' ಆಗಿ ತೆರೆಗೆ ಬಂದಾಗ ಕಥೆ ಮೊದಲೇ ಗೊತ್ತಿದ್ದವರು ಬಹಳ ಮಂದಿ. ಗಂಡ ಕಡಲಿಗೆ ಹೋದಾಗ ಹೆಂಡತಿ ದಾರಿ ತಪ್ಪಿದರೆ ಕಡಲಮ್ಮ ಅವನನ್ನು ನುಂಗುತ್ತಾಳೆ ಅನ್ನೋ ನಂಬಿಕೆಯ ಸುತ್ತ ಹೆಣೆದ ಮೀನುಗಾರರ ಪ್ರೇಮಕಥೆ ಅದು. ಹಾಡಿಗೆ ಬಂಗಾಳದ ಸಲಿಲ್ ಚೌಧರಿ, ಎಡಿಟಿಂಗಿಗೆ ಹೃಷಿಕೇಶ್ ಮುಖರ್ಜಿ ಬಂದರು. ಅತ್ಯುತ್ತಮ ಚಿತ್ರಕ್ಕೆ ಕೊಡುವ ರಾಷ್ಟ್ರಪತಿಗಳ ಚಿನ್ನದ ಪದಕ ದಕ್ಷಿಣ ಭಾರತಕ್ಕೆ ಮೊದಲ ಬಾರಿ ಬಂದದ್ದು ಈ ಸಿನಿಮಾದಿಂದ. ಕಾದಂಬರಿಕಾರರೇ ಚಿತ್ರಕಥೆ ಬರೆಯುವುದು, ಕ್ಯಾಮೆರಾ ಹಿಡಿಸುವುದು ಅಲ್ಲಿ ವಿಶೇಷವೇ ಅಲ್ಲ. ಎಂ.ಟಿ. ವಾಸುದೇವನ್ ನಾಯರ್ 1973ರಲ್ಲಿ ನಿರ್ದೇಶಿಸಿದ 'ನಿರ್ಮಾಲ್ಯಂ' ಹೊಟ್ಟೆಗಿಲ್ಲದ ಒಬ್ಬ ದೇವಸ್ಥಾನದ ಪಾತ್ರಿಯ, ಅಂದರೆ ಮೈಮೇಲೆ ದೇವರು ಬರುವವನ ಕಥೆ.

ಎರಡನೆಯದು ನಾಟಕ. ಕೆಪಿಎಸಿ ಅನ್ನುವ ಎಡಪಂಥೀಯ ತಂಡ 1952ರಲ್ಲಿ ಆಡಿದ ತೋಪ್ಪಿಲ್ ಭಾಸಿ ಅವರ ನಾಟಕದ ಹೆಸರೇ 'ನೀವು ನನ್ನನ್ನು ಕಮ್ಯುನಿಸ್ಟ್ ಮಾಡಿದಿರಿ' ಅಂತ. ಐದು ವರ್ಷಕ್ಕೆ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂತು. ನಾಟಕದಿಂದಲೇ ಬಂತು ಅಂತ ನಾನು ಹೇಳುವುದಿಲ್ಲ, ಆದರೆ ಆ ತಂಡದ ಹಾಡು ಬರೆದವರು, ರಾಗ ಹಾಕಿದವರು, ನಟಿಸಿದವರು ಮುಂದೆ ಸಿನಿಮಾಗೆ ಬಂದರು. ನಟಿ ಕೆಪಿಎಸಿ ಲಲಿತಾ ಕೊನೆತನಕ ಆ ತಂಡದ ಹೆಸರನ್ನೇ ಇನಿಶಿಯಲ್ ಥರ ಇಟ್ಟುಕೊಂಡರು. ನಮ್ಮಲ್ಲಿ ಗುಬ್ಬಿ ಕಂಪನಿಯಿಂದ ಬಂದವರು ಸಿನಿಮಾ ಕಟ್ಟಿದರಲ್ಲ, ಹಾಗೆಯೇ. ಮನೆಯೊಳಗೆ ಊಟದ ಹೊತ್ತಿಗೂ ಪಾರ್ಟಿ ಜಗಳ ನಡೆಯುವ ರಾಜ್ಯ ಅದು. 1991ರ 'ಸಂದೇಶಂ' ಅನ್ನೋ ಕಾಮಿಡಿಯಲ್ಲಿ ಇಬ್ಬರು ಅಣ್ಣತಮ್ಮಂದಿರು ಎದುರಾಳಿ ಪಕ್ಷಗಳಲ್ಲಿದ್ದು ಅಪ್ಪನ ತಲೆ ತಿನ್ನುತ್ತಾರೆ, ಅದರಲ್ಲಿ ಬರುವ ಪೋಲೆಂಡ್ ಜೋಕನ್ನು ಮಲಯಾಳಿಗಳು ಇವತ್ತೂ ವಾಟ್ಸಾಪ್‌ನಲ್ಲಿ ಹೊಡೆಯುತ್ತಾರೆ.

ಮೂರನೆಯದು ಫಿಲ್ಮ್ ಸೊಸೈಟಿ. ಅಂದರೆ ಊರಿನ ಹತ್ತಾರು ಜನ ಚಂದಾ ಹಾಕಿ, ಪ್ರೊಜೆಕ್ಟರ್ ತಂದು, ಜಗತ್ತಿನ ಸಿನಿಮಾ ನೋಡಿ ಚರ್ಚೆ ಮಾಡುವ ಕೂಟ. 1965ರಲ್ಲಿ ಅಡೂರ್ ಮತ್ತು ಗೆಳೆಯರು ತಿರುವನಂತಪುರದಲ್ಲಿ ಚಿತ್ರಲೇಖಾ ಶುರು ಮಾಡಿದರು. ಇದರ ಹುಚ್ಚು ಎಲ್ಲಿಗೆ ಹೋಯಿತು ಅಂದರೆ, 1986ರಲ್ಲಿ ಮಲಯಾಳ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಅನ್ನುವ ಗುಂಪು ಊರೂರು ಸುತ್ತಿ ಜನರ ಹತ್ತಿರವೇ ದುಡ್ಡು ಎತ್ತಿ 'ಅಮ್ಮ ಅರಿಯಾನ್' ಮಾಡಿದರು. ಈಗ ಪ್ರತಿ ಡಿಸೆಂಬರ್‌ನಲ್ಲಿ ತಿರುವನಂತಪುರದ ಚಿತ್ರೋತ್ಸವದಲ್ಲಿ ಇರಾನ್, ಕೊರಿಯಾ ಸಿನಿಮಾಗೆ ಆಟೋ ಓಡಿಸುವವರೂ ಕ್ಯೂ ನಿಲ್ಲುತ್ತಾರೆ ಅನ್ನೋ ಮಾತಿದೆ. ಅದರಲ್ಲಿ ಸ್ವಲ್ಪ ಬಣ್ಣ ಇರಬಹುದು. ಪೂರ್ತಿ ಸುಳ್ಳಂತೂ ಅಲ್ಲ.

ದುಬೈ ಅಂತ ಇಳಿದದ್ದು ಮದ್ರಾಸಿನಲ್ಲಿ

ಈಗ ಗಲ್ಫ್. 1973ರ ನಂತರ ಎಣ್ಣೆ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕಟ್ಟಡ, ರಸ್ತೆ ಕೆಲಸ ಶುರುವಾದಾಗ ಕೇರಳದಿಂದ ಜನ ಗುಂಪುಗುಂಪಾಗಿ ಹೋದರು. ಭಟ್ಕಳ, ಉಡುಪಿ, ಮಂಗಳೂರಿನವರಿಗೆ ಈ ಕಥೆ ಗೊತ್ತು: ಹೊಸ ಮನೆಗೆ ಮಾರ್ಬಲ್, ಮನೆಯ ಗಂಡಸು ಮಾತ್ರ ಎರಡು ವರ್ಷಕ್ಕೊಮ್ಮೆ ಬರುವ ನೆಂಟ.

ಮಲಯಾಳ ಸಿನಿಮಾ ಇದನ್ನು ನಗುತ್ತಲೇ ಹೇಳೋಕೆ ಶುರು ಮಾಡಿತು. 1987ರ 'ನಾಡೋಡಿಕ್ಕಾಟ್ಟ್'ನಲ್ಲಿ ಕೆಲಸವಿಲ್ಲದ ಇಬ್ಬರು ಹುಡುಗರನ್ನು ಏಜೆಂಟ್ ಒಬ್ಬ ದೋಣಿ ಹತ್ತಿಸುತ್ತಾನೆ, ಇದು ದುಬೈ ಅಂತ ಇಳಿಸುತ್ತಾನೆ, ಅರಬರ ವೇಷ ಹಾಕಿ ದಡಕ್ಕೆ ಬಂದರೆ ಎದುರಿಗೆ ತಮಿಳು ಬೋರ್ಡು, ಅದು ಮದ್ರಾಸ್. ಥಿಯೇಟರ್‌ನಲ್ಲಿ ಬಿದ್ದು ಬಿದ್ದು ನಕ್ಕವರಲ್ಲಿ ಏಜೆಂಟಿಗೆ ದುಡ್ಡು ಕಟ್ಟಿ ಕಳೆದುಕೊಂಡವರೂ ಇದ್ದಿರಲೇಬೇಕು. 1989ರ 'ವರವೇಲ್ಪ್'ನಲ್ಲಿ ಗಲ್ಫ್‌ನಿಂದ ವಾಪಸ್ ಬಂದವನು ದುಡಿದ ದುಡ್ಡಿನಲ್ಲಿ ಬಸ್ ತಗೊಂಡು, ಊರು, ಯೂನಿಯನ್, ನೆಂಟರು ಎಲ್ಲರ ಕೈಗೂ ಸಿಕ್ಕಿ ಖಾಲಿಯಾಗುತ್ತಾನೆ. ವರ್ಷ ಕಳೆದ ಹಾಗೆ ನಗು ಕಡಿಮೆಯಾಯಿತು. 2015ರ 'ಪತ್ತೇಮಾರಿ' ಹಳೆಯ ಕಾಲದಲ್ಲಿ ಮರದ ಹಡಗಿನಲ್ಲಿ ಕದ್ದು ಹೋದವರ ಕಥೆ. 2024ರ 'ಆಡುಜೀವಿತಂ' ಅಂದರೆ ಮೇಕೆಯ ಬದುಕು, ಮರಳುಗಾಡಿನಲ್ಲಿ ಕುರಿ ಮೇಯಿಸೋಕೆ ಸಿಕ್ಕಿಹಾಕಿಕೊಂಡ ಒಬ್ಬನ ಕಥೆ, ಬೆನ್ಯಾಮಿನ್ ಅವರ 2008ರ ಕಾದಂಬರಿಯಿಂದ ಬಂದದ್ದು.

ಇದರ ಇನ್ನೊಂದು ಮುಖ ವ್ಯಾಪಾರ. 2011ರ ಜನಗಣತಿಯಲ್ಲಿ ಕೇರಳದ ಜನಸಂಖ್ಯೆ 3.34 ಕೋಟಿ, ಕರ್ನಾಟಕದ್ದು 6.11 ಕೋಟಿ. ಹೆಚ್ಚುಕಡಿಮೆ ನಮ್ಮ ಅರ್ಧ. ಅಷ್ಟು ಸಣ್ಣ ಮಾರುಕಟ್ಟೆಯಲ್ಲಿ ದೊಡ್ಡ ಸೆಟ್ ಹಾಕಿದರೆ ದುಡ್ಡು ಹುಟ್ಟುವುದು ಕಷ್ಟ. ಆದ್ದರಿಂದ ನಿಜವಾದ ಮನೆ, ನಿಜವಾದ ಬೀದಿ, ಇರುವ ಬೆಳಕು. ಸಹಜತೆಗೆ ಕಲೆಯ ಕಾರಣ ಎಷ್ಟಿದೆಯೋ ಜೇಬಿನ ಕಾರಣವೂ ಅಷ್ಟೇ ಇದೆ, ಇದನ್ನು ಯಾಕೋ ಯಾರೂ ಹೇಳುವುದಿಲ್ಲ. ಗಲ್ಫ್‌ನಲ್ಲಿರುವ ಮಲಯಾಳಿಗಳು ಟಿಕೆಟ್ ಕೊಂಡು ನೋಡುವುದರಿಂದ ಈಗ ಲೆಕ್ಕ ಸ್ವಲ್ಪ ಬದಲಾಗಿದೆ.

ತೆಯ್ಯಂ, ಇಗರ್ಜಿ, ಫುಟ್‌ಬಾಲ್

ಕೇರಳದ ಜನರಲ್ಲಿ ಸುಮಾರು ಶೇ. 55 ಹಿಂದೂಗಳು, ಶೇ. 27ರ ಹತ್ತಿರ ಮುಸ್ಲಿಮರು, ಶೇ. 18 ಕ್ರೈಸ್ತರು. ಸಿನಿಮಾದಲ್ಲಿ ಇವರು ಹಬ್ಬದ ಪೋಸ್ಟರ್ ಥರ ಸಾಲಾಗಿ ನಿಲ್ಲುವುದಿಲ್ಲ. ಪ್ರತಿಯೊಂದಕ್ಕೂ ಅದರದೇ ಊರು ಇದೆ.

ಉತ್ತರದ ಕಣ್ಣೂರು, ಕಾಸರಗೋಡಿನ ತೆಯ್ಯಂ ನಮ್ಮ ಭೂತಕೋಲದ ಹತ್ತಿರದ ಸಂಬಂಧಿ. ಕಟ್ಟುವವರು ಊರಲ್ಲಿ ಕೆಳಗೆ ಇಟ್ಟ ಜಾತಿಗಳವರು. ಮುಖವರ್ಣಿಕೆ ಆಗಿ ದೈವ ಬಂದ ಮೇಲೆ ಅದೇ ಮನುಷ್ಯನ ಕಾಲಿಗೆ ಊರ ದಣಿ ಬೀಳುತ್ತಾನೆ, ಬೆಳಿಗ್ಗೆ ಮತ್ತೆ ಹಳೆಯ ಲೆಕ್ಕ. 'ಕಾಂತಾರ' ನೋಡಿದವರಿಗೆ ಇದು ಗೊತ್ತು. 1997ರಲ್ಲಿ ಜಯರಾಜ್ 'ಕಳಿಯಾಟ್ಟಂ' ಸಿನಿಮಾದಲ್ಲಿ ಷೇಕ್ಸ್‌ಪಿಯರ್‌ನ ಒಥೆಲೋನನ್ನು ತೆಯ್ಯಂ ಕಟ್ಟುವವನಾಗಿ ಮಾಡಿದರು. ಪೂಜೆಗೂ ಒಳಗಾಗುವ, ಅವಮಾನಕ್ಕೂ ಒಳಗಾಗುವ ಮನುಷ್ಯನಿಗೆ ಇದಕ್ಕಿಂತ ಸರಿಯಾದ ವೃತ್ತಿ ಸಿಗುತ್ತಿರಲಿಲ್ಲ.

ಕೊಚ್ಚಿ ಹತ್ತಿರದ ಕಡಲತಡಿಗೆ ಬಂದರೆ ಲ್ಯಾಟಿನ್ ಕ್ಯಾಥೊಲಿಕರು. 2018ರ 'ಈ.ಮ.ಯೌ.' ಹೆಸರು ಏನೋ ಕೋಡ್ ಥರ ಕಾಣುತ್ತದೆ. ಈಶೋ, ಮರಿಯಂ, ಯೌಸೇಪ್, ಅಂದರೆ ಯೇಸು, ಮರಿಯ, ಜೋಸೆಫ್. ಸಾಯುವವರ ಕಿವಿಯಲ್ಲಿ ಹೇಳುವ ಹೆಸರುಗಳು. ಅಪ್ಪನಿಗೆ ಅದ್ದೂರಿ ಶವಸಂಸ್ಕಾರ ಮಾಡಿಸುತ್ತೇನೆ ಅಂತ ಮಾತು ಕೊಟ್ಟ ಬಡ ಮಗನ ಒಂದು ರಾತ್ರಿ, ಮಳೆ, ಪೆಟ್ಟಿಗೆಯ ಸಾಲ, ಅನುಮಾನಪಡುವ ಪಾದ್ರಿ. ಹೆಸರಿನ ಅರ್ಥ ಗೊತ್ತಿದ್ದು ನೋಡಿದರೆ ಮೊದಲ ದೃಶ್ಯದಿಂದಲೇ ಎದೆ ಭಾರ.

ಮಲಪ್ಪುರಂನಲ್ಲಿ ಸೆವೆನ್ಸ್. ಹನ್ನೊಂದರ ಬದಲು ಏಳೇಳು ಜನ ಆಡುವ ಫುಟ್‌ಬಾಲ್, ಕೊಯ್ಲಾದ ಗದ್ದೆ ಅಥವಾ ಸಣ್ಣ ಮೈದಾನ, ಸುತ್ತ ತಾತ್ಕಾಲಿಕ ಗ್ಯಾಲರಿ, ಆಫ್ರಿಕಾದಿಂದ ಕರೆಸಿದ ಆಟಗಾರರು. ನಮ್ಮ ಕರಾವಳಿಯ ಕಬಡ್ಡಿ ಪಂದ್ಯಾಟದ ಗದ್ದಲ ನೆನಪಿಸಿಕೊಳ್ಳಿ. ಸಿನಿಮಾದಲ್ಲಿ ಮಲಪ್ಪುರಂ ಅಂದರೆ ಬಾಂಬು ಅನ್ನುವ ಕಾಲವೊಂದಿತ್ತು. 2018ರ 'ಸುಡಾನಿ ಫ್ರಮ್ ನೈಜೀರಿಯಾ' ಗಾಯಗೊಂಡ ನೈಜೀರಿಯಾದ ಹುಡುಗನನ್ನು ಅಲ್ಲಿನ ಎರಡು ಮುದುಕಿಯರ ಕೈಗೆ ಕೊಟ್ಟಿತು, ಅವರು ಅವನಿಗೆ ಗಂಜಿ ಕುಡಿಸಿ ಸಾಕಿದರು. ಒಂದು ಜಿಲ್ಲೆಯ ಹೆಸರಿಗೆ ಅಂಟಿದ ಕೊಳೆ ತೊಳೆಯೋಕೆ ಭಾಷಣ ಬೇಕಾಗಲಿಲ್ಲ.

ಮತ್ತೆ ಅದೇ ಮನೆಗೆ, ಈ ಸಲ ಅಡುಗೆಮನೆಗೆ

2010ರ ದಶಕದಲ್ಲಿ ಡಿಜಿಟಲ್ ಕ್ಯಾಮೆರಾ ಬಂದು ಖರ್ಚು ಇಳಿಯಿತು, ಹೊಸಬರು ಬಂದರು. 2016ರ 'ಮಹೇಷಿಂಟೆ ಪ್ರತೀಕಾರಂ'ನಲ್ಲಿ ಇಡುಕ್ಕಿಯ ಫೋಟೋಗ್ರಾಫರ್ ಒಬ್ಬ ಬೀದಿ ಜಗಳದಲ್ಲಿ ಏಟು ತಿಂದು, ಸೇಡು ತೀರಿಸುವ ತನಕ ಚಪ್ಪಲಿ ಹಾಕಲ್ಲ ಅಂತ ಶಪಥ ಮಾಡುತ್ತಾನೆ. ಸೇಡಿನ ಕಥೆ, ಚಪ್ಪಲಿಯ ಅಳತೆಯದ್ದು. 2017ರ 'ಅಂಗಮಾಲಿ ಡೈರೀಸ್'ನಲ್ಲಿ 86 ಹೊಸ ಮುಖಗಳು. 2019ರ 'ಕುಂಬಳಂಙಿ ನೈಟ್ಸ್'ನಲ್ಲಿ ಹಿನ್ನೀರಿನ ದಡದ ಬಾಗಿಲಿಲ್ಲದ ಮನೆಯ ನಾಲ್ವರು ಅಣ್ಣತಮ್ಮಂದಿರು, ಅಲ್ಲಿ ವಿಲನ್ ಯಾರು ಅಂದರೆ ಶಿಸ್ತಾಗಿ ಮೀಸೆ ತೀಡಿಕೊಳ್ಳುವ 'ಪರಿಪೂರ್ಣ ಗಂಡಸು'. ಹತ್ತಿಪ್ಪತ್ತು ವರ್ಷ ಹಿಂದೆ ಅದೇ ಮೀಸೆಗೆ ಶಿಳ್ಳೆ ಬೀಳುತ್ತಿತ್ತು.

2021ರ 'ದಿ ಗ್ರೇಟ್ ಇಂಡಿಯನ್ ಕಿಚನ್' ಬಂದಾಗ ನಮ್ಮ ಮನೆಯಲ್ಲೂ ಜಗಳ ಆಯಿತು, ಆ ಕಥೆ ಬೇಡ. ಮದುವೆಯಾಗಿ ಬಂದ ಹುಡುಗಿ, ಹಳೆಯ ಪ್ರತಿಷ್ಠಿತ ಮನೆ, ತೊಳೆದಷ್ಟೂ ಮುಗಿಯದ ಪಾತ್ರೆ, ಸೋರುವ ಸಿಂಕ್. ಕೊನೆಯ ಭಾಗದಲ್ಲಿ ಶಬರಿಮಲೆ ವ್ರತ ಬರುತ್ತದೆ. ಎಲ್ಲ ವಯಸ್ಸಿನ ಹೆಂಗಸರಿಗೂ ಪ್ರವೇಶ ಕೊಟ್ಟ 2018ರ ಸುಪ್ರೀಂ ಕೋರ್ಟ್ ತೀರ್ಪು, ಆಮೇಲೆ ಕೇರಳ ಹೊತ್ತಿಕೊಂಡದ್ದು ನೆನಪಿದ್ದರೆ ಮಾತ್ರ ಆ ದೃಶ್ಯಗಳ ಕಾವು ತಟ್ಟುತ್ತದೆ. ಇಲಿಬೋನಿನ ಮನೆಯಲ್ಲಿ ಕ್ಯಾಮೆರಾ ಜಗಲಿಯಲ್ಲಿ ಕೂತ ಅಣ್ಣನನ್ನು ಹೆಚ್ಚು ನೋಡಿತ್ತು. ಇಲ್ಲಿ ಅದು ಒಳಗೆ ಹೋಗಿ ಒಲೆಯ ಪಕ್ಕ ನಿಂತಿತು.

ಪರದೆಯ ಹಿಂದಿನ ಮನೆ ಮಾತ್ರ ಅಷ್ಟು ಸ್ವಚ್ಛ ಇರಲಿಲ್ಲ. 2017ರಲ್ಲಿ ನಟಿಯೊಬ್ಬರ ಮೇಲೆ ನಡೆದ ದೌರ್ಜನ್ಯದ ನಂತರ ಚಿತ್ರರಂಗದ ಹೆಂಗಸರು ಡಬ್ಲ್ಯೂಸಿಸಿ (ವಿಮೆನ್ ಇನ್ ಸಿನಿಮಾ ಕಲೆಕ್ಟಿವ್) ಅಂತ ಸಂಘಟನೆ ಕಟ್ಟಿದರು, ಸರ್ಕಾರ ನ್ಯಾಯಮೂರ್ತಿ ಹೇಮಾ ಸಮಿತಿ ಮಾಡಿತು. ವರದಿ 2019ರ ಡಿಸೆಂಬರ್‌ನಲ್ಲಿ ಸಲ್ಲಿಕೆಯಾಯಿತು, ಜನರ ಕೈಗೆ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಷ್ಟೊಂದು ಸೂಕ್ಷ್ಮ ಸಿನಿಮಾ ಮಾಡುವವರ ನಡುವೆ ಹೆಂಗಸರಿಗೆ ಶೂಟಿಂಗ್ ಜಾಗದಲ್ಲಿ ಶೌಚಾಲಯ ಕೂಡ ಸರಿಯಾಗಿ ಇರಲಿಲ್ಲ ಅನ್ನೋದು ಅದರಲ್ಲಿತ್ತು.

ಅವರ ಕಥೆಯೊಳಗೆ ನಮ್ಮೂರು

ಕೊನೆಗೆ ಬೆಂಗಳೂರು. ಓದಲು ಬಂದವರು, ನರ್ಸಿಂಗ್‌ಗೆ ಬಂದವರು, ಐಟಿಗೆ ಬಂದವರು, ಬೇಕರಿ ಇಟ್ಟವರು, ಹೀಗೆ ಮಲಯಾಳಿಗಳಿಗೆ ಇದು ಮನೆಯಿಂದ ಒಂದು ರಾತ್ರಿ ಬಸ್ಸಿನ ದೂರದ ಊರು. ಅಪ್ಪ ಅಮ್ಮನ ಕಣ್ಣಿಗೆ ಬೀಳದ ಊರು ಕೂಡ. 2014ರ 'ಬೆಂಗಳೂರು ಡೇಸ್'ನಲ್ಲಿ ಮೂವರು ಕಸಿನ್‌ಗಳಿಗೆ ಅದು ಬಿಡುಗಡೆ. 'ಆವೇಶಂ'ನಲ್ಲಿ ಸೀನಿಯರ್‌ಗಳಿಂದ ಏಟು ತಿಂದ ಮೂವರು ಎಂಜಿನಿಯರಿಂಗ್ ಹುಡುಗರು ಆಸರೆ ಹುಡುಕುವುದು ಕನ್ನಡ ಬೆರೆಸಿ ಮಲಯಾಳ ಮಾತಾಡುವ ರೌಡಿ ರಂಗನ ಹತ್ತಿರ. 2025ರ ಓಣಂಗೆ ಬಂದ 'ಲೋಕಃ' ಇನ್ನೂ ಮುಂದೆ ಹೋಗಿ, ಕಳ್ಳಿಯಂಕಾಟ್ಟು ನೀಲಿ ಅನ್ನುವ ಯಕ್ಷಿಯನ್ನೇ ಬೆಂಗಳೂರಿಗೆ ಕರೆತಂದಿತು. ದಾರಿಹೋಕರಿಗೆ ಸುಣ್ಣ ಕೇಳಿ ರಕ್ತ ಹೀರುವ ಹೆಣ್ಣು ಅಂತ ಕೇರಳದ ಅಜ್ಜಿಯರು ಮಕ್ಕಳನ್ನು ಹೆದರಿಸುತ್ತಿದ್ದ ಯಕ್ಷಿಯರ ಸಾಲಿನವಳು. ಸಿನಿಮಾ ಅವಳನ್ನು ಸೂಪರ್‌ಹೀರೋ ಮಾಡಿತು. ಬೆಂಗಳೂರಿನ ಹುಡುಗಿಯರ ಬಗ್ಗೆ ಅದರಲ್ಲಿದ್ದ ಒಂದು ಮಾತಿಗೆ ಕನ್ನಡಿಗರು ಸಿಟ್ಟಾದರು, ನಿರ್ಮಾಪಕರು ಕ್ಷಮೆ ಕೇಳಿದರು.

ಆ ಸಿನಿಮಾಗೆ ಕೊಟ್ಟಾಯಂ ಗೆಳೆಯನ ಜೊತೆ ಹೋಗಿದ್ದೆ. ನೀಲಿಯ ಹೆಸರು ಬಂದ ಕೂಡಲೇ ಥಿಯೇಟರ್‌ನಲ್ಲಿ ಅರ್ಧ ಜನ ಕೂಗಿದರು, ಇನ್ನರ್ಧ ಸುಮ್ಮನೆ ಪರದೆ ನೋಡುತ್ತಿತ್ತು. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ಅವನು ನನಗೆ ಅವಳ ಕಥೆ ಹೇಳಿದ, ಅವನ ಅಜ್ಜಿ ಹೇಳಿದ್ದ ಹಾಗೆ. ನಾನು ಅವನಿಗೆ 'ನಾಳೆ ಬಾ' ಕಥೆ ಹೇಳಿದೆ, ಬಾಗಿಲ ಮೇಲೆ ಬರೆದಿಟ್ಟರೆ ವಾಪಸ್ ಹೋಗುವ ದೆವ್ವದ್ದು. ಅವನು ಕೇಳಿಯೇ ಇರಲಿಲ್ಲವಂತೆ, ಹನ್ನೆರಡು ವರ್ಷದಿಂದ ಇದೇ ಊರಲ್ಲಿದ್ದಾನೆ.